ದ್ರಾಕ್ಷಿ ಔಷಧಿ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ಸಿರಿ ಬೆನ್ನಿಗಿಂತ ದೊಡ್ಡ ಬ್ಯಾಗು ಹಾಕ್ಕೊಂಡು ಮೊದಲನೇ ಸಲ ಸ್ಕೂಲಿಗೆ ಹೋದಳು. ಅಳಲಿಲ್ಲ. ಗೇಟಿನ ಹತ್ತಿರ ತಿರುಗಿ ನೋಡಿ, "ಅಜ್ಜೀ, ನೀನು ಅಳ್ಬೇಡ, ಮಿಸ್ ಬೈತಾರೆ" ಅಂತ ನನಗೇ ಬುದ್ಧಿ ಹೇಳಿ ಹೋದಳು. ಶೆಟ್ಟಿಹಳ್ಳಿಯ ಆ ರಸ್ತೆಯಲ್ಲಿ ಹೋಗೋರು ಬರೋರಿಗೆಲ್ಲ ಸಕ್ಕರೆ ಹಂಚಬೇಕು ಅನ್ನಿಸ್ತು ನನಗೆ. ಹೂ ಮಾರೋಳಿಗೆ ಹೇಳಿದೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದೆ. ಅವನು "ಆಯ್ತಜ್ಜಿ, ಸಂತೋಷ, ಓಟಿಪಿ ಹೇಳಿ" ಅಂದ.

ಈ ಖುಷಿ ಎದೆಯಲ್ಲಿ ಇರುವಾಗಲೇ ಇದನ್ನ ಬರೆದುಬಿಡ್ತೀನಿ. ಖುಷಿ ಇಲ್ಲದ ದಿನ ಬರೆಯೋಕೆ ಕೂತರೆ ನನ್ನ ಕೈಲಾಗಲ್ಲ.

ನನ್ನ ಹೆಸರು ಮುನಿಯಮ್ಮ. ಓದಿದ್ದು ಮೂರನೇ ಕ್ಲಾಸು. ರಾಜಾನುಕುಂಟೆ ಹತ್ತಿರ ನಂಜುಂಡಣ್ಣನವರ ದ್ರಾಕ್ಷಿ ತೋಟದಲ್ಲಿ, ಮದುವೆಯಾಗಿ ಬಂದ ವರ್ಷದಿಂದ ಮಂಡಿ ಸೋಲೋವರೆಗೆ ದುಡಿದೆ. ಈಗ ಶೆಟ್ಟಿಹಳ್ಳಿಯಲ್ಲಿ ಮಗಳ ಮನೆಯಲ್ಲಿದೀನಿ. ಈಗ ತೋಟ ನೋಡ್ಕೊಳ್ಳೋದು ಅವರ ಸೊಸೆ ಸೌಮ್ಯ. ಮೊನ್ನೆ ಫೋನ್ ಮಾಡಿ, "ಮುನಿಯಮ್ಮಾ, ಇಬ್ಬರು ಹೊಸ ಹೆಣ್ಮಕ್ಕಳು ಸೇರಿದಾರೆ, ಬರೋ ಜನಾನ ಒಳಗೆ ಕರ್ಕೊಂಡು ಹೋಗೋ ಕೆಲಸಕ್ಕೆ. ನೀವು ಒಂದಿಷ್ಟು ಹೇಳ್ಕೊಡಿ" ಅಂದ್ರು. ಬಾಯಲ್ಲಿ ಹೇಳಿದ್ರೆ ಗಾಳಿಗೆ ಹೋಗುತ್ತೆ. ಅದಕ್ಕೇ ಬರೀತಿದೀನಿ ಕಣ್ರಮ್ಮ, ನಿಮ್ಮಿಬ್ಬರಿಗೆ. ಕಾಗುಣಿತ ತಪ್ಪಿದ್ರೆ ನಕ್ಕುಬಿಡಿ, ಪರವಾಗಿಲ್ಲ. ಮಾತು ಮಾತ್ರ ಬಿಡಬೇಡಿ.

ಮೊದಲು ಈ ಕೆಲಸ ಹಿಂಗಿರಲಿಲ್ಲ. ಹಣ್ಣು ಕೊಯ್ಯೋದು, ಕ್ರೇಟಿಗೆ ಪೇಪರ್ ಹಾಸಿ ಜೋಡಿಸೋದು, ಲಾರಿ ಬಂದ್ರೆ ತುಂಬೋದು. ಕಲ್ಲುಕಂಬ ನೆಟ್ಟು, ಮೇಲೆ ತಂತಿ ಎಳೆದು, ಬಳ್ಳಿ ಹಬ್ಬಿಸಿರೋ ಚಪ್ಪರ. ಗೊಂಚಲು ತಲೆ ಮೇಲೆ ತೂಗ್ತಿರ್ತವೆ. ದಿನವೆಲ್ಲ ಕತ್ತು ಎತ್ತಿಕೊಂಡೇ ನಿಂತು, ಮನೆಗೆ ಬಂದು ಮುದ್ದೆ ಮುರಿಯೋಕೆ ಕೂತರೂ ಕತ್ತು ಕೆಳಗೆ ಬಗ್ಗುತ್ತಿರಲಿಲ್ಲ. ಚಳಿಗಾಲದಲ್ಲಿ ಎಲೆ ಮೇಲಿನ ಇಬ್ಬನಿ ರವಿಕೆಯೊಳಗೆ ಇಳಿಯೋದು. ಹಣ್ಣು ನಮ್ಮದಲ್ಲ, ಬಾಯಿಗೆ ಹಾಕ್ಕೊಳ್ಳೋ ಹಂಗಿಲ್ಲ, ಹಾಡು ಹೇಳ್ಕೊಂಡು ಕೊಯ್ಯಬೇಕು. ಬಾಯಿ ಖಾಲಿ ಇದೆಯೋ ಇಲ್ಲವೋ ಅಂತ ತಿಳಿಯೋಕೆ ನಂಜುಂಡಣ್ಣನ ತಾಯಿ ದೊಡ್ಡಮ್ಮ ಮಾಡಿದ್ದ ಉಪಾಯ ಅದು. ಹಾಡು ನಿಂತರೆ ಮನೆ ಜಗುಲಿಯಿಂದ "ಯಾವಳೇ ಅದು ಅಗೀತಿರೋದು" ಅಂತ ಕೂಗು ಬರೋದು.

ಆಮೇಲೆ ಸುತ್ತ ಲೇಔಟುಗಳು ಎದ್ದವು. ಯಲಹಂಕ, ಹೆಬ್ಬಾಳ, ಆರ್‌.ಟಿ. ನಗರದ ಕಡೆಯಿಂದ ಭಾನುವಾರ ಕಾರುಗಳು ದೊಡ್ಡಬಳ್ಳಾಪುರ ರಸ್ತೆಗೆ ಬರೋಕೆ ಶುರುವಾದವು. ಒಂದು ದಿನ ಯಾರೋ ಬೇಲಿ ಹತ್ತಿರ ಕಾರು ನಿಲ್ಲಿಸಿ, "ನಮ್ಮ ಮಗೂಗೆ ಒಂದೇ ಒಂದು ಗೊಂಚಲು ಅದರ ಕೈಯಾರೆ ಕೀಳೋಕೆ ಬಿಡ್ತೀರಾ, ಪ್ಲೀಸ್?" ಅಂತ ಕೇಳಿದ್ರು. ನಂಜುಂಡಣ್ಣ ಬಿಟ್ಟರು. ಮುಂದಿನ ಭಾನುವಾರ ಅವರೇ ಇನ್ನೂ ಮೂರು ಮನೆಯವರನ್ನ ಕರ್ಕೊಂಡು ಬಂದ್ರು. ಅಲ್ಲಿಂದ ಲಾರಿ ಬರೋದು ಕಡಿಮೆಯಾಯ್ತು, ಕಾರು ಬರೋದು ಜಾಸ್ತಿಯಾಯ್ತು. ಗೇಟಿನ ಹತ್ತಿರ ಬೋರ್ಡು ನೇತುಹಾಕಿದ್ರು: ನಿಮ್ಮ ಹಣ್ಣು ನೀವೇ ಕಿತ್ಕೊಳ್ಳಿ, ಬರೀ ಬೇವಿನೆಣ್ಣೆ ಹೊಡೆದು ಬೆಳೆಸಿದ್ದು ಅಂತ. ನಮ್ಮ ಕೈಗೆ ಬುಟ್ಟಿ ಕತ್ತರಿ ಕೊಟ್ಟು, "ಇನ್ಮೇಲೆ ನೀವು ಕೊಯ್ಯೋರಲ್ಲ, ಕೊಯ್ಸೋರು" ಅಂದ್ರು.

ಕೊಯ್ಯೋದಕ್ಕಿಂತ ಕೊಯ್ಸೋದು ಕಷ್ಟ. ಮಕ್ಕಳನ್ನ ಹೆದರಿಸೋ ಹಂಗಿಲ್ಲ, ಅಪ್ಪ ಅಮ್ಮಂದಿರನ್ನ ಬೈಯೋ ಹಂಗಿಲ್ಲ. ಗೊಂಚಲನ್ನ ಅಂಗೈಯಲ್ಲಿ ಹೊತ್ಕೊಂಡು ತೊಟ್ಟು ಕತ್ತರಿಸಬೇಕು ಅಂತ ತೋರಿಸಿದ್ರೆ, ಆ ಮಗು ದನದ ಕೆಚ್ಚಲು ಎಳೆದಂಗೆ ಎಳೆಯುತ್ತೆ. ಹಣ್ಣಿನ ಮೇಲೆ ಹುಟ್ಟಿನಿಂದ ಬರೋ ಬೂದಿ ಬಣ್ಣದ ಪೊರೆ ಇರುತ್ತಲ್ಲ, ಅದನ್ನ ಕಂಡು "ಇದೇನು ಪೌಡರ್ ಹೊಡೆದಿದೀರಾ" ಅಂತ ಕರ್ಚೀಫಿನಲ್ಲಿ ಉಜ್ಜುತ್ತಾರೆ. ನಿಜವಾಗ್ಲೂ ಹೊಡೆದಿರೋದು ಕಣ್ಣಿಗೆ ಕಾಣಲ್ಲ. ಅದನ್ನ ಉಜ್ಜೋರು ಯಾರೂ ಇಲ್ಲ.

ಒಂದು ಸಲ ಒಬ್ಬ ತಂದೆ ಫೋಟೋ ತೆಗೆಯೋಕೆ ಅಂತ ಹಿಂದಿನ ಚಪ್ಪರದ ತಂತಿ ಮೇಲೆ ಮಗನನ್ನ ಕೂರಿಸಿದ. ನಾನು "ಅಯ್ಯೋ ಸ್ವಾಮಿ, ಇಳ್ಸಿ" ಅನ್ನೋದರೊಳಗೆ ತಂತಿ ಕುಗ್ಗಿ ಕಲ್ಲುಕಂಬ ವಾಲಿತು. ಹುಡುಗ ಬಿದ್ದ, ಮೊಣಕೈ ಮೂಳೆ ಹೊರಗೆ ಬಂತು. ಆ ತಾಯಿ ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕಂಬ ವಾಲಿದ್ದು ವಾಲಿದಂಗೇ ಉಳೀತು. ಕ್ರೇನು ತರಿಸಬೇಕು, ಸೀಸನ್ ಮುಗೀಲಿ ಅಂದ್ರು ನಂಜುಂಡಣ್ಣ. ಸೀಸನ್‌ಗಳು ಮುಗಿದವು, ಕಂಬ ಎದ್ದೇಳಲಿಲ್ಲ. ಆ ಮೂಲೆಯಲ್ಲಿ ಚಪ್ಪರ ಜೋತುಬಿದ್ದು, ಗೊಂಚಲುಗಳು ಮಕ್ಕಳ ಕೈಗೆಟುಕೋ ಹಂಗೆ ಕೆಳಗೆ ಬಂದವು. ನೋಡೋಕೆ ಏನು ಚೆಂದ ಅಂತೀರಿ.

ಈಗ ದೊಡ್ಡಮ್ಮನ ಒಂದು ಶಿಸ್ತಿನ ಬಗ್ಗೆ ಹೇಳಬೇಕು. ತೋಟದಲ್ಲಿ ಕೆಲವು ಮಾತು ಆಡಬಾರದು. ಹಣ್ಣು ಮುಗೀತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಹಾವು ಅನ್ನಬಾರದು, ಹುಳ ಅನ್ನಬೇಕು. ವಿಷ ಅನ್ನೋ ಮಾತಂತೂ ಕಾಯಿ ಕಚ್ಚಿದ ದಿನದಿಂದ ಬಳ್ಳಿ ಸವರೋ ದಿನದವರೆಗೆ ಯಾರ ಬಾಯಲ್ಲೂ ಬರಬಾರದು. ಹಣ್ಣು ಕೇಳಿಸಿಕೊಳ್ಳುತ್ತೆ ಅನ್ನೋರು. ಟಿನ್ನಿನ ಮೇಲೆ ತಲೆಬುರುಡೆ ಬರೆದಿದ್ರೂ ನಮಗೆ ಅದು ಔಷಧಿ. "ಔಷಧಿ ಹೊಡೀರಿ", "ಔಷಧಿ ಕಲಸಿ", "ಔಷಧಿ ಅಂಗಡಿಗೆ ಹೋಗ್ಬನ್ನಿ". ಅಂಗಡಿಯವನೂ "ಯಾವ ಔಷಧಿ ಕೊಡ್ಲಿ, ದ್ರಾಕ್ಷಿ ಔಷಧೀನಾ, ಟೊಮ್ಯಾಟೊ ಔಷಧೀನಾ?" ಅಂತಲೇ ಕೇಳ್ತಿದ್ದ. ನಮ್ಮ ಜೊತೆ ಕೊಯ್ಯೋಕೆ ಬರ್ತಿದ್ದ ಸಾಕಮ್ಮ ಒಂದು ಸಲ, "ಮಗನ ಎಸರಲ್ಲೇ ನಂಜು ಮಡೀಕೊಂಡು ನಮ್ ಬಾಯಿಗೆ ಬೀಗ ಆಕ್ತದಲ್ಲ ಈ ವಮ್ಮ" ಅಂತ ನಗಿಸಿದ್ದಳು. ದೊಡ್ಡಮ್ಮನ ಕಿವಿಗೆ ಬಿದ್ದು ಅವಳು ಒಂದು ವಾರ ತೋಟಕ್ಕೆ ಕಾಲಿಡೋ ಹಂಗಿರಲಿಲ್ಲ.

ಈ ಶಿಸ್ತಿನಿಂದ ಒಂದು ಭಾನುವಾರ ಪ್ರಾಣವೇ ಹೋಗೋದಿತ್ತು, ಸ್ವಲ್ಪದರಲ್ಲಿ ತಪ್ಪಿತು. ಹೆಬ್ಬಾಳದಿಂದ ಬಂದಿದ್ದ ಒಬ್ಬ ಹೆಂಗಸು ಎರಡು ಮಕ್ಕಳ ಕೈ ಹಿಡ್ಕೊಂಡು ಬದುವಿನ ಕಡೆ ಹೊರಟಿದ್ದರು. ಸಾಕಮ್ಮ ದೂರದಿಂದ, "ಅಮ್ಮಾ, ಅಲ್ಲಿಗೋಗ್ಬ್ಯಾಡಿ, ಅಲ್ಲೊಂದು ಉಳ ಐತೆ!" ಅಂತ ಕೂಗಿದಳು.

ಆಕೆ ನಕ್ಕು, "ಇರ್ಲಿ ಬಿಡಿ, ಹುಳ ಇದ್ರೇನೇ ಒಳ್ಳೇದು. ಬನ್ನಿ ಮಕ್ಳಾ, ಹುಳ ನೋಡೋಣ" ಅಂತ ಮುಂದೆ ಹೋದ್ರು.

ನಾಗರ ಹಾವು ಹೆಡೆ ಎತ್ತಿ ನಿಂತಿತ್ತು. ನಮ್ಮನೆಯವರು, ಪಿಳ್ಳಪ್ಪ ಅಂತ ಅವರ ಹೆಸರು, ಓಡಿಬಂದು ಆ ಹೆಂಗಸನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಬಿಟ್ಟರು. ಆಕೆ ಮೊದಲು ಬೈದದ್ದು ಪಿಳ್ಳಪ್ಪನನ್ನ, ಮೈ ಮುಟ್ಟಿದ ಅಂತ. ಆಮೇಲೆ ಹಾವು ಕಂಡು ಅಲ್ಲೇ ಕುಸಿದು ಕೂತರು. ಸಂಜೆ ಜಗುಲಿ ಮೇಲೆ ಎಲ್ಲರೂ ಇದನ್ನ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. "ಉಳ ನೋಡೋಣ ಅಂದ್ಲಂತೆ!" ಅಂತ. ನಮ್ಮ ಮಾತು ಬಂದವರಿಗೆ ಬೇರೆ ಥರ ಕೇಳಿಸುತ್ತೆ ಅಂತ ಒಬ್ಬರಿಗೂ ಹೊಳೀಲಿಲ್ಲ.

ಪಿಳ್ಳಪ್ಪನದು ಔಷಧಿ ಹೊಡೆಯೋ ಕೆಲಸ. ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂತಿಗೊಂದು ಟವೆಲ್ಲು ಸುತ್ತಿಕೊಂಡು, ಚಪ್ಪರದ ಕೆಳಗೆ ಮೇಲ್ಮುಖವಾಗಿ ಹೊಡೀಬೇಕು. ಹೊಡೆದದ್ದರಲ್ಲಿ ಅರ್ಧ ಎಲೆಗೆ, ಅರ್ಧ ಹೊಡೆಯೋನ ಮುಖಕ್ಕೆ. ಮನೆಗೆ ಬಂದ್ರೆ ಮೈಯಿಂದ ಬರೋ ವಾಸನೆಗೆ ನಾಯಿ ದೂರ ಹೋಗಿ ಮಲಗೋದು. ವರ್ಷಗಳು ಹಿಂಗೇ ಹೋದವು. ಒಂದು ಮಧ್ಯಾಹ್ನ ಪಂಪು ಇಳಿಸಿ ಕೂತವರು ಏಳಲಿಲ್ಲ. ಬಾಯಿಂದ ಜೊಲ್ಲು ಸುರೀತಿತ್ತು, ಮೈಯೆಲ್ಲ ಬೆವರು, ಕೆನ್ನೆ ಅದುರುತ್ತಿತ್ತು. ಕಣ್ಣು ಬಿಡಿಸಿ ನೋಡಿದೆ. ಕಪ್ಪು ಪಾಪೆ ಸೂಜಿ ಮೊನೆಯಷ್ಟಾಗಿತ್ತು. "ಔಷಧಿ ತಗುಲೈತೆ, ಮಜ್ಜಿಗೆ ಕುಡ್ಸಿ" ಅಂದ್ರು ಎಲ್ಲರೂ. ಮಜ್ಜಿಗೆ ಕುಡಿಸಿದ್ವಿ. ಆಟೋ ಸಿಕ್ಕಿ, ಆಸ್ಪತ್ರೆ ಸಿಕ್ಕೋ ಹೊತ್ತಿಗೆ ಉಸಿರಿರಲಿಲ್ಲ. ಔಷಧಿ ತಗುಲಿ ಸತ್ತ ಅಂತ ಊರಲ್ಲೆಲ್ಲ ಹೇಳಿದ್ರು. ವಿಷ ಅನ್ನೋ ಮಾತು ಅವರ ಹೆಣದ ಮುಂದೆಯೂ ಯಾರ ಬಾಯಲ್ಲೂ ಬರಲಿಲ್ಲ.

ತೋಟ ಬಿಟ್ಟು ಎಲ್ಲಿಗೆ ಹೋಗ್ಲಿ? ಹನ್ನೊಂದನೇ ದಿನದ ಕಾರ್ಯ ಮುಗಿಸಿ ಮತ್ತೆ ಬುಟ್ಟಿ ಹಿಡಿದೆ. ಮಗಳು ಗೀತಾ ಆಗಲೇ ಮದುವೆಯಾಗಿ ಶೆಟ್ಟಿಹಳ್ಳಿಯಲ್ಲಿದ್ದಳು. ಅಳಿಯ ಮಂಜುನಾಥ ಕ್ಯಾಬ್ ಓಡಿಸ್ತಾನೆ. ಅವರಿಗೆ ಗೌತಮ್ ಹುಟ್ಟಿದ, ಆಮೇಲೆ ಸಿರಿ. ಪಿಳ್ಳಪ್ಪ ಹೋದಮೇಲೆ ನನಗೆ ನಗು ಬಂದಿದ್ದು ಆ ಎರಡು ಮಕ್ಕಳ ಮುಖ ನೋಡಿಯೇ.

ಮಕ್ಕಳಿಗೆ ಅಜ್ಜಿ ತೋಟ ತೋರಿಸಬೇಕು ಅಂತ ನನಗೆ ಬಹಳ ಆಸೆ. ಊರವರ ಮಕ್ಕಳಿಗೆಲ್ಲ ಹಣ್ಣು ಕೊಯ್ಸಿದೀನಿ, ನನ್ನವಕ್ಕೆ ಇಲ್ಲ. ಒಂದು ಭಾನುವಾರ ನಾಲ್ಕು ಜನವೂ ಬಂದ್ರು. ಗೌತಮನಿಗೆ ಐದು ತುಂಬಿತ್ತು. ಸಿರಿ ಆಗಷ್ಟೇ ಎರಡು ಮಾತು ಸೇರಿಸಿ ಆಡ್ತಿದ್ದಳು. ಅವಳಿಗೆ ಒಂದು ವಾರದಿಂದ ಕೆಮ್ಮು. ಬೇರೆ ಜನರ ಜೊತೆ ಅವರನ್ನೂ ಗೇಟಿನ ಹತ್ತಿರ ನಿಲ್ಲಿಸಿ ನಂಜುಂಡಣ್ಣ ಯಾವಾಗಲೂ ಹೇಳೋದನ್ನ ಹೇಳಿದ್ರು. "ಕತ್ತರಿ ದೊಡ್ಡೋರ ಕೈಲಿರಲಿ. ಬಳ್ಳಿ ಜಗ್ಬೇಡಿ. ಹಿಂದ್ಗಡೆ ಹಗ್ಗ ಕಟ್ಟಿರೋ ಕಡೆ ಹೋಗ್ಬೇಡಿ, ಅಲ್ಲಿ ದ್ರಾಕ್ಷಿಗೆ ಔಷಧಿ ಹಾಕಿದೀವಿ."

ಹಿಂದುಗಡೆ ಅಂದ್ರೆ ಕಂಬ ವಾಲಿದ ಆ ಮೂಲೆ. ಅಲ್ಲಿನ ಹಣ್ಣಿಗೆ ಬಿಳಿ ಹಿಟ್ಟಿನಂಥ ಹುಳ ಬಿದ್ದು, ಮೊನ್ನೆ ಮೊನ್ನೆ ಹೊಡೆಸಿದ್ರು. ದೊಡ್ಡವರೆಲ್ಲ ತಲೆ ಆಡಿಸಿದ್ರು. ಹಗ್ಗ ನನ್ನ ಸೊಂಟದ ಎತ್ತರಕ್ಕಿತ್ತು.

ಮೊದಲ ಗೊಂಚಲನ್ನ ಗೌತಮನ ಕೈಲಿ ಕೊಯ್ಸಿದಾಗ ಅವನ ಮುಖ ನೀವು ನೋಡಬೇಕಿತ್ತು. "ಅಜ್ಜಿ, ಇದು ನಿಂದಾ? ಈ ಫುಲ್ ತೋಟ ನಿಂದಾ?" ಅಂದ.

"ನಂದಲ್ಲ ಕಂದ, ನಂಜುಂಡ ತಾತಂದು."

"ಮತ್ತೆ ನೀನ್ಯಾಕೆ ಕೆಲ್ಸ ಮಾಡ್ತೀಯಾ?"

ಮಂಜುನಾಥ ನಕ್ಕ. "ಕೇಳಿ ಅತ್ತೆ, ಒಳ್ಳೇ ಪಾಯಿಂಟ್ ಹಿಡ್ದಿದಾನೆ" ಅಂದ. ನಾನೂ ನಗ್ತಾ ಇನ್ನೊಂದು ಮನೆಯವರಿಗೆ ಬುಟ್ಟಿ ಕೊಡೋಕೆ ಹೋದೆ. ಗೀತಾ ಸೀರೆಗೆ ಅಂಟಿದ ರಸ ತೊಳೆಯೋಕೆ ನಲ್ಲಿ ಹತ್ತಿರ ಹೋದಳು. ಮಂಜುನಾಥನಿಗೆ ಫೋನು ಬಂತು. ಮಕ್ಕಳು ಕೈ ಕೈ ಹಿಡ್ಕೊಂಡು ಚಪ್ಪರದ ನೆರಳಲ್ಲಿ ಹೋಗ್ತಿದ್ದಿದ್ದನ್ನ ನಾನು ನೋಡಿದೆ. ಎಷ್ಟು ಚೆನ್ನಾಗಿ ನೋಡ್ಕೊಳ್ತಾನೆ ತಂಗೀನ ಅಂತ ಸಂತೋಷಪಟ್ಟೆ.

ಊಟದ ಹೊತ್ತಿಗೆ ಸಿರಿ ವಾಂತಿ ಮಾಡಿದಳು. ಬಿಸಿಲು ಅಂದಳು ಗೀತಾ. ಹಣ್ಣು ಜಾಸ್ತಿ ತಿಂದಳು ಅಂದ ಮಂಜುನಾಥ. ಎರಡನೇ ಸಲ ವಾಂತಿಯಾದಾಗ ಮಗುವಿನ ಕತ್ತು ನಿಲ್ಲಲಿಲ್ಲ. ಕಾರಿಗೆ ಹಾಕ್ಕೊಂಡು ಯಲಹಂಕದ ಕಡೆ ಹೊರಟ್ವಿ. ರಸ್ತೆ ತುಂಬ ಭಾನುವಾರದ ಕಾರುಗಳು. ಹಾರ್ನ್ ಹೊಡೆದು ಹೊಡೆದು ಮಂಜುನಾಥ ಅಳೋ ಹಂಗಾಗಿದ್ದ. ನಾನು ಮುಂದಿನ ಸೀಟು. ಹಿಂದೆ ಗೀತಾ ತೊಡೆ ಮೇಲೆ ಸಿರಿ, ಪಕ್ಕದಲ್ಲಿ ಗೌತಮ.

"ಅಮ್ಮ, ಅಳ್ಬೇಡ. ವಾಸಿ ಆಗ್ತಾಳೆ. ನಾನು ಅವಳಿಗೆ ದ್ರಾಕ್ಷಿ ಔಷಧಿ ಕೊಟ್ಟಿದೀನಿ" ಅಂದ ಅವನು.

ಗೀತಾ ಬೆಚ್ಚಿಬಿದ್ದಳು. ಅವರ ಮನೆಯಲ್ಲಿ ಕೆಮ್ಮಿಗೆ ಕೊಡೋ ಸಿರಪ್ಪು ನೇರಳೆ ಬಣ್ಣದ್ದು, ದ್ರಾಕ್ಷಿ ರುಚಿಯದ್ದು. ಕುಡೀಲಿ ಅಂತ ಅದಕ್ಕೆ ದ್ರಾಕ್ಷಿ ಔಷಧಿ ಅಂತ ಹೆಸರಿಟ್ಟಿದ್ದು ಅವಳೇ. "ಏನೋ! ಸಿರಪ್ ಕುಡ್ಸಿದ್ಯಾ? ಎಷ್ಟೋ ಕುಡ್ಸಿದೆ? ಬ್ಯಾಗ್‌ಗೆ ಕೈ ಹಾಕ್ಬೇಡ ಅಂತ ಎಷ್ಟ್ ಸಲ ಹೇಳಿದೀನಿ!" ಅಂತ ಬೆನ್ನಿಗೆ ಹೊಡೆದಳು.

"ಬಾಟ್ಲಿ ಅಲ್ಲಾ..." ಅಂತ ಅವನು ಅಳೋಕೆ ಶುರು ಮಾಡಿದ. ಆ ಅಳುವಿನಲ್ಲಿ ಆ ಮಾತು ಮುಳುಗಿಹೋಯ್ತು. ಪಾಪ, ಮಗು ಹೇಳಿತ್ತು. ನಾವು ಮೂರು ಜನ, ಆರು ಕಿವಿ ಇದ್ದೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಇದ್ದರು. ಸಿರಪ್ ಕುಡಿದಿದಾಳೆ ಅಂತ ಗೀತಾ ಬಾಟಲಿ ತೋರಿಸಿದಳು. ಡಾಕ್ಟ್ರಮ್ಮ ಬಾಟಲಿ ಬೆಳಕಿಗೆ ಹಿಡಿದು, "ಇದು ಹೆಚ್ಚುಕಮ್ಮಿ ತುಂಬೇ ಇದೆಯಲ್ರಿ" ಅಂದ್ರು. ಟಾರ್ಚು ಬಿಟ್ಟು ಮಗುವಿನ ಕಣ್ಣು ನೋಡಿದ್ರು. "ಕೆಮ್ಮಿನ ಔಷಧಿಗೆ ಹೀಗಾಗಲ್ಲ. ಪಾಪೆ ನೋಡಿ ಎಷ್ಟು ಚಿಕ್ಕದಾಗಿದೆ. ಬೇರೆ ಏನು ಹೊಟ್ಟೆಗೆ ಹೋಗಿದೆ? ಯೋಚನೆ ಮಾಡಿ, ಬೇಗ."

ನಾನು ಬಗ್ಗಿ ನೋಡಿದೆ. ಬಾಯಿಂದ ಜೊಲ್ಲು. ಕೆನ್ನೆ ಅದುರುತ್ತಿತ್ತು. ಪಾಪೆ ಸೂಜಿ ಮೊನೆ. ಆ ಎಳೇ ಮುಖದಲ್ಲಿ ನನಗೆ ಕಂಡಿದ್ದು ಪಿಳ್ಳಪ್ಪನ ಮುಖ.

ಗೌತಮನ ಮುಂದೆ ಕೂತೆ. "ಕಂದ, ಔಷಧಿ ಎಲ್ಲಿತ್ತು? ನಾನು ಒಡೆಯಾಕಿಲ್ಲ, ಅಮ್ಮನೂ ಒಡೆಯಾಕಿಲ್ಲ. ಎಲ್ಲಿತ್ತು ಅಂತ ಏಳು."

"ಆ ಹಗ್ಗದ್ ಹತ್ರ. ತಾತ ಹೇಳಿದ್ರಲ್ಲ, ಅಲ್ಲಿ ದ್ರಾಕ್ಷಿಗೆ ಔಷಧಿ ಹಾಕಿದೀವಿ ಅಂತ. ಕೆಳಗೇ ಇತ್ತು. ಅವಳಿಗೆ ಕೆಮ್ಮಲ್ವಾ ಅಜ್ಜಿ? ಅದಕ್ಕೇ ಬಿಡಿಸಿ ಬಿಡಿಸಿ ಕೊಟ್ಟೆ. ನಾನು ತಿನ್ಲಿಲ್ಲ, ನಂಗೆ ಕೆಮ್ಮಿಲ್ಲ."

ನಾನು ಡಾಕ್ಟ್ರಮ್ಮನಿಗೆ, "ತೋಟದ ಔಷಧಿ ಅಮ್ಮಾ, ಬಳ್ಳಿಗೆ ಒಡೆಯೋದು" ಅಂದೆ. ಅವರು ಒಂದು ಕ್ಷಣವೂ ನಿಲ್ಲಲಿಲ್ಲ. ನರ್ಸಿಗೆ ಏನೋ ಕೂಗಿ ಹೇಳಿ, ಸೂಜಿ ತರಿಸಿದ್ರು. "ಯಾವ ಕೀಟನಾಶಕ, ಹೆಸರು ಗೊತ್ತಾಗ್ಬೇಕು. ತೋಟದವರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ" ಅಂದ್ರು.

ನಂಜುಂಡಣ್ಣ ಎತ್ತಿದ್ರು. ಹಿಂದೆ ಜನರ ಗಲಾಟೆ, ಮಕ್ಕಳ ನಗು ಕೇಳಿಸ್ತಿತ್ತು. ಡಾಕ್ಟ್ರಮ್ಮ ಕೇಳಿದ ತಕ್ಷಣ ಅವರು, "ನಮ್ಮದು ಬರೀ ಬೇವಿನೆಣ್ಣೆ ಮೇಡಂ, ಬೇರೆ ಏನೂ ಹೊಡೆಯಲ್ಲ" ಅಂದ್ರು.

ಇದನ್ನ ನಾನು ಅವರ ಮೇಲಿನ ಸಿಟ್ಟಿಗೆ ಬರೀತಿಲ್ಲ. ಅವರು ಯೋಚನೆ ಮಾಡಿ ಆಡಿದ ಸುಳ್ಳಲ್ಲ ಅದು. ಪ್ರತಿ ಭಾನುವಾರ ಬರೋ ಪ್ರತಿ ಕಾರಿಗೂ ಹೇಳಿ ಹೇಳಿ ನಾಲಿಗೆಗೆ ಅಂಟಿಹೋಗಿತ್ತು. ಕೇಳಿದ್ರೆ ತಾನೇ ಬರ್ತಿತ್ತು. ಆದ್ರೆ ಇತ್ತ ಮೇಜಿನ ಮೇಲೆ ನನ್ನ ಮಗು ಉಸಿರಿಗೆ ಒದ್ದಾಡ್ತಿತ್ತು.

"ಅಣ್ಣಾ!" ಅಂತ ಕೂಗಿದೆ. "ನಮ್ ಸಿರಿ ತಿಂದವ್ಳೆ. ವಾಲಿದ್ ಕಂಬದ್ ತಾವ. ಪಿಳ್ಳಪ್ಪನ್ನ ತಿಂದಿದ್ದು ಸಾಕಾಗ್ನಿಲ್ವಾ ಅಣ್ಣಾ? ಟಿನ್ ಮ್ಯಾಲಿನ ಎಸರೇಳು!"

ನಂಜುಂಡಣ್ಣ ದನಿ ತಗ್ಗಿಸಿ, "ಮುನಿಯಮ್ಮ... ಜನ ಇದಾರೆ... ಒಂದ್ನಿಮಿಷ ಆಚೆ ಬರ್ತೀನಿ..." ಅಂದ್ರು. ಅಷ್ಟರಲ್ಲಿ ಫೋನು ಯಾರೋ ಕಸಿದುಕೊಂಡ ಸದ್ದಾಯ್ತು. ದೊಡ್ಡಮ್ಮನ ಗಂಟಲು. ಅಷ್ಟು ಜನ ಗಿರಾಕಿಗಳ ಮಧ್ಯೆ, ತುಂಬಿದ ತೋಟದಲ್ಲಿ ನಿಂತು ಕೂಗಿದ್ರು: "ವಿಷ ಕಣವ್ವಾ! ವಿಷ ಒಡೆದೀವಿ! ಶುಕ್ರವಾರ ಒಡ್ಸಿದ್ದು. ಬೇವೂ ಇಲ್ಲ ಗೀವೂ ಇಲ್ಲ. ಟಿನ್ನು ಕಳ್ಸ್ತೀನಿ. ಆ ಕೂಸುನ್ನ ಉಳ್ಸ್ಕೊಡವ್ವ ನಮ್ಮವ್ವ!"

ಆಮೇಲೆ ಟಿನ್ನಿನ ಮೇಲಿನ ಅಕ್ಷರಗಳನ್ನ ಯಾರ ಕೈಲೋ ಓದಿಸಿದ್ರು. ಡಾಕ್ಟ್ರಮ್ಮ ಬರ್ಕೊಂಡು ಒಳಗೆ ಓಡಿದ್ರು. ಸ್ವಲ್ಪ ಹೊತ್ತಿಗೆ ನಂಜುಂಡಣ್ಣ ಆ ಟಿನ್ನನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬೈಕಿನಲ್ಲಿ ಬಂದು, ಬಾಗಿಲ ಹತ್ತಿರ ಕೊಟ್ಟು, ಒಳಗೆ ಬರದೆ ಆಚೆ ಮೆಟ್ಟಿಲ ಮೇಲೆ ಕೂತರು. ಕತ್ತಲಾದ್ರೂ ಎದ್ದು ಹೋಗಲಿಲ್ಲ. ಮಂಜುನಾಥ ಹೊಡೆಯೋಕೆ ಅಂತ ಹೋದವನು, ಅವರು ತಲೆ ಬಗ್ಗಿಸಿ ಕೂತಿದ್ದು ಕಂಡು, ಹಂಗೇ ವಾಪಸ್ ಬಂದ.

ಸಿರಿ ಬಹಳ ದಿನ ಮೆಷಿನ್ನಿನ ಉಸಿರಲ್ಲಿದ್ದಳು. ಆ ದಿನಗಳನ್ನ ನಾನು ಬರೆಯಲ್ಲ. ಬಾಗಿಲಿನ ಆ ಪುಟ್ಟ ಗಾಜಿನಲ್ಲಿ ಒಬ್ಬೊಬ್ಬರೇ ನೋಡಿ ಬರಬೇಕಿತ್ತು. ಗೀತಾ ನನ್ನ ಜೊತೆ ಮಾತು ಬಿಟ್ಟಿದ್ದಳು. ತೋಟಕ್ಕೆ ಕರೆದಿದ್ದು ನಾನಲ್ವಾ. ಒಂದು ಬೆಳಿಗ್ಗೆ ಡಾಕ್ಟ್ರಮ್ಮ ಆಚೆ ಬಂದು, "ಅಜ್ಜಿ, ಮೊಮ್ಮಗಳು ನೀರು ಕೇಳಿದಳು" ಅಂದ್ರು. ನಾನು ಅವರ ಕಾಲಿಗೆ ಬೀಳೋಕೆ ಹೋಗಿ ಮಂಡಿ ಕೈಕೊಟ್ಟು ನಿಜವಾಗ್ಲೂ ಬಿದ್ದುಬಿಟ್ಟೆ. ಅವರೇ ಎಬ್ಬಿಸಿದ್ರು.

ಮನೆಗೆ ಕರ್ಕೊಂಡು ಬಂದಾಗ ಗೌತಮ ತಂಗಿಯ ಎದೆಗೆ ಕಿವಿ ಇಟ್ಟು ಕೇಳಿ, "ಕೆಮ್ಮು ಹೋಗಿದೆ! ನಾನು ಹೇಳ್ಲಿಲ್ವಾ? ನಾನು ಕೊಟ್ಟ ಔಷಧಿ!" ಅಂತ ಕುಣಿದ. ಗೀತಾ ಅಡಿಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡಳು. ಮಂಜುನಾಥ ನನ್ನ ಮುಖ ನೋಡಿದ. ಹೇಳೋದು ಬೇಡ ಅಂತ ನಾವು ಮೂವರೂ ಮಾತಿಲ್ಲದೇನೇ ತೀರ್ಮಾನ ಮಾಡಿದ್ವಿ. ಔಷಧಿ ಕೊಡೋದು ಅಮ್ಮನ ಕೆಲಸ, ಇನ್ಮೇಲೆ ನೀನು ಕೊಡಬಾರದು ಅಂತಷ್ಟೇ ಹೇಳಿದ್ವಿ. ಅವನು ಸ್ಕೂಲಲ್ಲೆಲ್ಲ ತಂಗೀನ ವಾಸಿ ಮಾಡಿದ್ದು ನಾನೇ ಅಂತ ಹೇಳ್ಕೊಂಡು ಓಡಾಡಿದ.

ದೊಡ್ಡಮ್ಮ ನನ್ನನ್ನ ಕರೆಸಿದ್ರು. "ಮುನಿಯಮ್ಮ, ಬತ್ತೀಯೋ ಇಲ್ವೋ ನಿನ್ನಿಷ್ಟ. ಬಂದ್ರೆ, ಗೇಟ್ ತಾವ ನಿಂತು ಏಳೋದು ನೀನು. ನನ್ ಮಗ ಬ್ಯಾಡ" ಅಂದ್ರು. ಹೋದೆ. ಬೇವಿನೆಣ್ಣೆ ಬೋರ್ಡು ಸೌದೆ ಒಲೆಗೆ ಹೋಗಿತ್ತು. ವಾಲಿದ ಕಂಬ ಎದ್ದಿತ್ತು. ಹೊಡೆದಿರೋ ಸಾಲಿಗೆ ಹಗ್ಗದ ಬದಲು ನೆಲದಿಂದಲೇ ಬಲೆ ಕಟ್ಟಿ, ಕೆಂಪು ಅಕ್ಷರದಲ್ಲಿ ಬರೆಸಿದ್ರು: ಇಲ್ಲಿ ವಿಷ ಹೊಡೆದಿದೆ, ತಿಂದರೆ ಸಾಯುತ್ತಾರೆ. ಮೊದಲ ವಾರ ಅದನ್ನ ಓದಿದ ಅರ್ಧ ಜನ ಗೇಟಿನಿಂದಲೇ ಗಾಡಿ ತಿರುಗಿಸಿದ್ರು. "ಓಗ್ಲಿ ಬಿಡು" ಅಂದ್ರು ದೊಡ್ಡಮ್ಮ. ನಾನೂ ಮಂಡಿ ಸೋಲೋವರೆಗೆ ಬಂದ ಪ್ರತಿ ಮನೆಯವರಿಗೂ, ಪ್ರತಿ ಮಗುವಿನ ಎತ್ತರಕ್ಕೂ ಬಗ್ಗಿ, ಆ ಮಾತನ್ನ ಆಡಿದೆ. ನಿಮಗೂ ನನ್ನ ಪಾಠ ಇಷ್ಟೇ ಕಣ್ರಮ್ಮ. ಕತ್ತರಿ ಹಿಡಿಯೋದು, ಬುಟ್ಟಿ ತೂಗೋದು ಯಾರಾದ್ರೂ ಹೇಳ್ಕೊಡ್ತಾರೆ. ಔಷಧಿ ಅನ್ನೋ ಮಾತನ್ನ ಮನೇಲಿಟ್ಟು ಬನ್ನಿ. ಗಿರಾಕಿ ಮುಖ ಕಪ್ಪಿಟ್ಟರೂ ಸರಿ, ವಿಷ ಅನ್ನಿ.

ಹಂಗಂದ್ರೆ ಎಲ್ಲ ಸರಿಹೋಗುತ್ತೆ ಅಂತ ಮಾತ್ರ ತಿಳೀಬೇಡಿ.

ಹೋದ ಭಾನುವಾರ ಸಿರಿ ಹಟ ಹಿಡಿದಳು, ಅಜ್ಜಿ ತೋಟಕ್ಕೆ ಹೋಗಬೇಕು ಅಂತ. ಅವಳಿಗೆ ಏನೂ ನೆನಪಿಲ್ಲ. ಗ್ರಹಚಾರ ಅಂತ ಗೀತಾ ಬೇಡ ಅಂದಳು, ಆಮೇಲೆ ಅವಳೇ ಮನಸ್ಸು ಗಟ್ಟಿಮಾಡ್ಕೊಂಡು ಹೊರಟಳು. ಸಿರಿ ಚಪ್ಪರದ ಕೆಳಗೆ ಓಡಾಡಿದ್ದು ನೋಡಿ ನನಗೆ ಹಾರಿಬಿಡ್ತೀನೇನೋ ಅನ್ನಿಸ್ತು. ಸೌಮ್ಯನ ಕೈ ಹಿಡಿದು "ನೋಡವ್ವ, ನೋಡವ್ವ" ಅಂತ ಅದನ್ನೇ ಹೇಳ್ತಿದ್ದೆ.

ಗೌತಮ ಈಗ ಎರಡನೇ ಕ್ಲಾಸು. ಕಣ್ಣಿಗೆ ಬಿದ್ದಿದ್ದನ್ನೆಲ್ಲ ಓದೋ ಚಪಲ ಅವನಿಗೆ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪಾಕೀಟು, ಗೋಡೆ ಬರಹ. ಬಲೆಯ ಮುಂದೆ ನಿಂತು ಕೆಂಪು ಅಕ್ಷರಗಳನ್ನ ಬೆರಳಿಟ್ಟು ಓದ್ತಿದ್ದ. "ಇಲ್ಲಿ... ವಿ... ವಿಷ... ಹೊಡೆದಿದೆ." ಕೊನೆಯವರೆಗೂ ಓದಿದ. ಆಮೇಲೆ ಆ ಮೂಲೆಯ ಕಂಬ ನೋಡಿದ, ನೆಲ ನೋಡಿದ. ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಮಕ್ಕಳ ಕಳೆಯೇ ಇರಲಿಲ್ಲ.

"ಅಜ್ಜಿ, ಅವತ್ತು ನಾನು ಕೊಟ್ಟಿದ್ದು ಇದೇನಾ?"

ಸುಳ್ಳು ಹೇಳಬಹುದಿತ್ತು. ಎಷ್ಟೊಂದು ಸುಳ್ಳು ನಾಲಿಗೆ ತುದಿಗೆ ಬಂದವು. ಆದ್ರೆ ಸುಳ್ಳಿನಿಂದ ಆ ತೋಟದಲ್ಲಿ ಆಗಿದ್ದನ್ನ ನಾನು ಕಂಡಿದ್ದೆ.

"ಔದು ಮಗನೆ. ನಿಂಗೆ ಯಾರೂ ನಿಜ ಏಳಿರ್ನಿಲ್ಲ. ನಿನ್ ತಪ್ಪು ಒಂಚೂರೂ ಇಲ್ಲ" ಅಂದೆ.

ಅವನು ಅಳಲಿಲ್ಲ. ಅತ್ತಿದ್ರೆ ಅಪ್ಪಿಕೊಳ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಸಿರಿ ಆಚೆ ಸಾಲಿನಿಂದ, ಒಳ್ಳೇ ಹಣ್ಣಿರೋ ಸಾಲಿನಿಂದ, ಓಡಿಬಂದು ಅವನ ಅಂಗಿ ಜಗ್ಗಿದಳು. "ಅಣ್ಣಾ ಅಣ್ಣಾ, ಬಾರೋ, ನಂಗೆ ಆ ದೊಡ್ಡ ಗೊಂಚಲು ಕಿತ್ಕೊಡೋ!"

ಅವನು ಎರಡೂ ಕೈಯನ್ನ ಚಡ್ಡಿ ಜೇಬಿನೊಳಗೆ ತುರುಕಿಕೊಂಡು, "ಅಜ್ಜಿನ ಕೇಳು" ಅಂದ.